ನೀಲಕುರಿಂಜಿಗಾಗಿ ಜಿಬಿಐಎಫ್ ಜಾಲಾಡಿದ ಕಥೆ

ಮಗಳು ಬಿಎಸ್ಸಿ ಕೊನೇ ವರ್ಷ. ಪ್ರಾಜೆಕ್ಟ್‌ಗೆ ಆರಿಸಿಕೊಂಡದ್ದು ನೀಲಕುರಿಂಜಿ, ಅದೂ ಕಲಬುರಗಿಯಲ್ಲಿ ಕೂತು! ನಮ್ಮ ಸುತ್ತ ಎಲ್ಲಿ ನೋಡಿದರೂ ತೊಗರಿ ಹೊಲ, ಆ ಹೂವು ಬೆಳೆಯೋದು ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲಲ್ಲಿ. ಮೇಲಾಗಿ 12 ವರ್ಷಕ್ಕೊಮ್ಮೆ ಅರಳುವ ಗಿಡ, 2018ರಲ್ಲಿ ಮುನ್ನಾರ್ ಕಡೆ ಅರಳಿದ್ದು ಅಲ್ಲಿ ಮತ್ತೆ ಅರಳಬೇಕಾದದ್ದು 2030ಕ್ಕೆ. ಹಾಗಾಗಿ ಜಿಬಿಐಎಫ್ (ಗ್ಲೋಬಲ್ ಬಯೋಡೈವರ್ಸಿಟಿ ಇನ್ಫರ್ಮೇಷನ್ ಫೆಸಿಲಿಟಿ) ವೆಬ್‌ಸೈಟೇ ಗತಿ ಆಯ್ತು. ಬೇರೆ ಬೇರೆ ದೇಶದ ಹರ್ಬೇರಿಯಂಗಳು, ಅಂದರೆ ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿಡುವ ಸಂಗ್ರಹಾಲಯಗಳು, ತಮ್ಮ ದಾಖಲೆ ಹಂಚಿಕೊಳ್ಳುವ ಜಾಗ ಅದು, ನೋಡೋಕೆ ದುಡ್ಡು ಬೇಡ.

ವೈಜ್ಞಾನಿಕ ಹೆಸರಲ್ಲೇ ಹುಡುಕಿ: ಸ್ಟ್ರೊಬಿಲಾಂಥಸ್ ಕುಂಥಿಯಾನಾ. ಸುಮ್ನೆ ಕುರಿಂಜಿ ಅಂತ ಹೊರಟರೆ ದಾರಿ ತಪ್ಪುತ್ತೆ, ಆ ಹೆಸರಲ್ಲಿ ಕರೆಯುವ ಜಾತಿಗಳು ಹಲವು, ಎಲ್ಲವೂ 12 ವರ್ಷದ ಲೆಕ್ಕದವಲ್ಲ. ಜನ ತೆಗೆದ ಫೋಟೋಗಳೂ ನಡುವೆ ಬರುತ್ತವೆ. ಒಣಗಿಸಿಟ್ಟ ಮಾದರಿಗಳಷ್ಟೇ ಬೇಕಂದರೆ ಫಿಲ್ಟರ್‌ನಲ್ಲಿ 'ಪ್ರಿಸರ್ವ್ಡ್ ಸ್ಪೆಸಿಮನ್' ಒತ್ತಬೇಕು. ಇದು ಗೊತ್ತಾಗೋಕೆ ನಮಗೆ ಒಂದಿಡೀ ಸಂಜೆ ಹೋಯ್ತು.

ಎಲ್ಲ ದಾಖಲೆಗೂ ಚಿತ್ರ ಇಲ್ಲ. ಇದ್ದದ್ದನ್ನು ದೊಡ್ಡದು ಮಾಡಿ ನೋಡಿ. ನೀಲಿ ಬಣ್ಣ ಹುಡುಕಬೇಡಿ, ಹೂವೆಲ್ಲ ಒಣಗಿ ಕಂದು. ಕಾಗದದ ಸಣ್ಣ ಪಟ್ಟಿ ಅಂಟಿಸಿ ಹಿಡಿದ ಕಾಂಡ, ಉದುರಿದ ಚೂರು ಹಾಕಿಟ್ಟ ಪುಟ್ಟ ಲಕೋಟೆ, ಕೆಳಗೆ ಮೂಲೆಯಲ್ಲಿ ಲೇಬಲ್. ಅಸಲಿ ಮಾಲು ಆ ಲೇಬಲ್ಲೇ. ಹೂವಿದ್ದ ಹಾಳೆ ಮೇಲೆ ತಾರೀಖು ಇದೆ ಅಂದರೆ ಆ ವರ್ಷ ಆ ಬೆಟ್ಟದಲ್ಲಿ ಅರಳಿತ್ತು ಅಂತ ಅಲ್ವಾ? ಮಗಳು ಹಳೇ ಕ್ಯಾಲೆಂಡರ್ ಹಿಂದೆ ವರ್ಷಗಳನ್ನು ಬರೆದುಕೊಂಡು 12ರ ಮಗ್ಗಿ ಹಾಕುತ್ತಾ ಕೂತಳು.

ಒಂದು ಕಡೆ ನಾವೇ ಎಡವಿದೆವು. ಹಳೇ ಹಾಳೆಯೊಂದರಲ್ಲಿ 'ಮೈಸೂರು' ಅಂತಿತ್ತು, ಇವಳು ಮೈಸೂರು ಊರಲ್ಲೇ ಸಿಕ್ಕಿದೆ ಅಂತ ಬರೆದೇಬಿಟ್ಟಿದ್ದಳು. ಅದು ಆಗಿನ ಸಂಸ್ಥಾನ, ಬಾಬಾಬುಡನ್‌ಗಿರಿಯೂ ಅದರೊಳಗೇ ಇತ್ತು.

ಡೌನ್‌ಲೋಡ್‌ಗೆ ಖಾತೆ ತೆರೆಯಬೇಕು, ಅದೂ ಉಚಿತ. ಪ್ರತಿ ಡೌನ್‌ಲೋಡ್‌ಗೂ ಒಂದು ಡಿಒಐ ನಂಬರ್ (ಆ ಮಾಹಿತಿಯ ಕಾಯಂ ಗುರುತು) ಬರುತ್ತೆ, ಪ್ರಾಜೆಕ್ಟ್‌ನಲ್ಲಿ ಅದನ್ನು ಮರೆಯದೆ ಹಾಕಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ.

ಸಿಟ್ಟು ಬಂದಿದ್ದು ಪ್ರಿಂಟ್ ಅಂಗಡಿಯವನ ಮೇಲೆ. "ಅಕ್ಕಾರ, ಒಣ ತಪ್ಪಲಕ್ಕ ಕಲರ್ ಯಾಕ್ರಿ?" ಅಂತ ತಾನೇ ತೀರ್ಮಾನ ಮಾಡಿ ಎಂಟೂ ಹಾಳೆ ಕಪ್ಪು-ಬಿಳಿಯಲ್ಲಿ ತೆಗೆದ. ಒಂದರ ಲೇಬಲ್ಲೂ ಓದೋಕೆ ಬರಲಿಲ್ಲ.