ಟಾಮ್ ಯಮ್ ಎದುರು ಕಾನ್ ಚುವಾ: ಥಾಯ್, ವಿಯೆಟ್ನಾಂ ಊಟದಲ್ಲಿ ನನ್ನ ಆಯ್ಕೆ

ಥಾಯ್ ಅಡುಗೆ, ವಿಯೆಟ್ನಾಂ ಅಡುಗೆ ಎರಡೂ ಹೆಚ್ಚುಕಡಿಮೆ ಒಂದೇ ಅನ್ನುವವರಿಗೆ ಆ ಎರಡು ದೇಶಗಳ ಹುಳಿ ಸಾರನ್ನು ಒಂದರ ಹಿಂದೊಂದು ಕುಡಿಸಬೇಕು. ಥಾಯ್ಲೆಂಡಿನ ಟಾಮ್ ಯಮ್, ದಕ್ಷಿಣ ವಿಯೆಟ್ನಾಂನ ಕಾನ್ ಚುವಾ. ಎರಡಕ್ಕೂ ಉಪ್ಪಿನ ಕೆಲಸ ಮಾಡುವುದು ಮೀನಿನ ಸಾಸೇ. ಹುಳಿಯ ದಾರಿ ಮಾತ್ರ ಪೂರ್ತಿ ಬೇರೆ.

ಟಾಮ್ ಯಮ್‌ನಲ್ಲಿ ಮಜ್ಜಿಗೆ ಹುಲ್ಲು, ಶುಂಠಿ ಜಾತಿಯ ಗಲಂಗಲ್ ಬೇರು, ಮಕ್ರುತ್ ನಿಂಬೆಯ ಎಲೆ ಕುದಿದು ಘಮ ಬಿಡುತ್ತವೆ. ನಿಂಬೆರಸ ಹಿಂಡುವುದು ಒಲೆ ಆರಿಸಿದ ಮೇಲೆ. ಹಾಗಾಗಿ ಹುಳಿ ಹಸಿಹಸಿಯಾಗಿ, ಚುರುಕಾಗಿರುತ್ತದೆ. ಮೊದಲ ಚಮಚಕ್ಕೇ ಮೂಗಲ್ಲಿ ನೀರು. ಬೇರು-ಎಲೆಗಳನ್ನು ಅಗಿಯಲು ಹೋಗಬೇಡಿ, ಒಗ್ಗರಣೆಯ ಕರಿಬೇವಿನಂತೆ ಪಕ್ಕಕ್ಕಿಡಿ. ಇದರಲ್ಲಿ ತಿಳಿಸಾರೂ ಇದೆ, ಹಾಲು ಸೇರಿಸಿದ ಮಂದದ್ದೂ ಇದೆ. ಹಾಲು ಖಾರದ ಹಲ್ಲು ಕಿತ್ತುಬಿಡುತ್ತದೆ. ನನಗೆ ತಿಳಿಸಾರೇ ಇಷ್ಟ. ಸಿಗಡಿಯ ಟಾಮ್ ಯಮ್ 2024ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯನ್ನೂ ಸೇರಿತು.

ಕಾನ್ ಚುವಾಕ್ಕೆ ಅಂಥ ಖ್ಯಾತಿಯಿಲ್ಲ. ಮೆಕಾಂಗ್ ನದಿಯ ಮುಖಜಭೂಮಿಯ ಮನೆಯಡುಗೆ ಅದು: ಹುಣಸೆ ರಸ, ಅನಾನಸ್, ಟೊಮೆಟೊ, ಬೆಂಡೆಕಾಯಿ, ಹೆಸರುಕಾಳಿನ ಉದ್ದ ಮೊಳಕೆ, ನದಿ ಮೀನು. ಜೊತೆಗೆ ಕೆಸುವಿನ ಜಾತಿಯ ಒಂದು ದಪ್ಪ ದಂಟು. ಅದರ ಒಳಗೆಲ್ಲ ಸಣ್ಣ ಸಣ್ಣ ತೂತು. ಸಾರು ಹೀರಿಕೊಂಡು ಕೂತಿರುತ್ತದೆ, ಕಚ್ಚಿದರೆ ಬಾಯೊಳಗೆ ಚಿಮ್ಮುತ್ತದೆ. ಸ್ವಲ್ಪ ಸಕ್ಕರೆಯೂ ಬೀಳುವುದರಿಂದ ಹುಳಿ ಚುಚ್ಚುವುದಿಲ್ಲ. ಇದರ ಜೋಡಿ ಕಾ ಖೋ ತೊ, ಅಂದರೆ ಕಂದು ಬಣ್ಣಕ್ಕೆ ಕಾಯಿಸಿದ ಸಕ್ಕರೆ ಪಾಕ, ಮೀನಿನ ಸಾಸಿನಲ್ಲಿ ಮಣ್ಣಿನ ಗಡಿಗೆಯೊಳಗೆ ಬತ್ತಿಸಿದ ಮೀನು. ಅನ್ನ, ಆ ಮೀನು, ಈ ಸಾರು ಇದ್ದರೆ ಊಟ ಪೂರ್ತಿ. ಟಾಮ್ ಯಮ್ ಅನ್ನು ಬಟ್ಟಲು ತುಂಬ ಕುಡಿಯಬಲ್ಲೆ, ದಿನಾ ಉಣ್ಣಲಾರೆ. ಕಾನ್ ಚುವಾವನ್ನು ದಿನಾ ಉಂಡೇನು. ಹುಣಸೆಯ ವಿಷಯದಲ್ಲಿ ನನ್ನ ನಾಲಿಗೆ ಪಕ್ಷಪಾತಿ ಅಂದರೆ ಅನ್ನಿ.

ಹಸಿ ಪಪ್ಪಾಯಿ ಕೋಸಂಬರಿಯಲ್ಲಿ ಮಾತ್ರ ಥಾಯ್ಲೆಂಡಿಗೆ ಎದುರಾಳಿಯಿಲ್ಲ. ವಿಯೆಟ್ನಾಂನಲ್ಲಿ ತುರಿಗೆ ಸಾಸ್ ಸುರಿದು, ಒಣ ಮಾಂಸ, ಸೊಪ್ಪು ಹಾಕಿ ಕಲಸಿ ಕೊಡುತ್ತಾರೆ; ಗರಿಗರಿ ಇದ್ದರೂ ರುಚಿ ಮೇಲೆಮೇಲೆ. ಥಾಯ್ಲೆಂಡಿನ ಪಪ್ಪಾಯಿ ಕೋಸಂಬರಿ ಸೋಮ್ ತಮ್‌ನಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ, ತಾಟಿಬೆಲ್ಲ, ನಿಂಬೆ, ಪಪ್ಪಾಯಿ ಎಲ್ಲ ಒರಳಿಗೇ ಬೀಳುತ್ತವೆ. ಒನಕೆಯ ಏಟಿಗೆ ತುರಿ ಬಾಡಿ, ರಸ ಒಳಗಿಳಿಯುತ್ತದೆ. ಈಶಾನ್ಯ ಥಾಯ್ಲೆಂಡಿನ ಈಸಾನ್ ಕಡೆ ಪ್ಲಾ ರಾ, ಅಂದರೆ ಹುದುಗಿಸಿದ ಮೀನು ಹಾಕಿದ್ದು ಸಿಗುತ್ತದೆ. ಅದರ ವಾಸನೆಗೆ ಎದೆಗಾರಿಕೆ ಬೇಕು.

ನೂಡಲ್ಸ್‌ನಲ್ಲಿ ಥಾಯ್ಲೆಂಡಿನ ಹುರಿದ ಪಾದ್ ಥಾಯ್‌ಗಿಂತ ವಿಯೆಟ್ನಾಂನ ಸಾರಿನ ಫೋ ಮೇಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಥಾಯ್ ಪ್ರಧಾನಿ ಫಿಬುನ್ ಅವರ ಸರ್ಕಾರ ರಾಷ್ಟ್ರೀಯತೆಯ ಹುರುಪಿನಲ್ಲಿ ಜನಪ್ರಿಯಗೊಳಿಸಿದ ತಿನಿಸು ಪಾದ್ ಥಾಯ್. ಪ್ರವಾಸಿಗರ ಬೀದಿಗಳಲ್ಲಿ ಅದು ಬರೀ ಸಿಹಿ. ಫೋ ಸಾರಿಗೆ ಮೂಳೆ, ಚಕ್ಕೆ, ಚಕ್ರಮೊಗ್ಗು, ಸುಟ್ಟ ಶುಂಠಿ-ಈರುಳ್ಳಿ ಗಂಟೆಗಟ್ಟಲೆ ಬೇಯುತ್ತವೆ. ಸೈಗಾನಿನಲ್ಲಿ ಜೊತೆಗೆ ತಟ್ಟೆ ತುಂಬ ಸೊಪ್ಪು, ಮೊಳಕೆ ಕೊಡುತ್ತಾರೆ. ಹನೋಯಿಯಲ್ಲಿ ಈರುಳ್ಳಿ ಸೊಪ್ಪಿಗೆ ಮುಗಿಸುತ್ತಾರೆ. ಸಾರಿನ ರುಚಿ ತಿಳಿಯಲು ಹನೋಯಿಯದೇ ಸರಿ.

ಸಸ್ಯಾಹಾರಿಗಳು ಥಾಯ್ಲೆಂಡಿನಲ್ಲಿ ಹಳದಿ ಬಟ್ಟೆಯ ಮೇಲೆ ಕೆಂಪಕ್ಷರದ 'ಜೇ' ಗುರುತು ಹುಡುಕಿ, ವಿಯೆಟ್ನಾಂನಲ್ಲಿ 'ಚಾಯ್' ಎಂಬ ಬೋರ್ಡು. ವಿಯೆಟ್ನಾಂನಲ್ಲಿ ಚಾಂದ್ರಮಾಸದ 1 ಮತ್ತು 15ನೇ ದಿನ ಅನೇಕ ಬೌದ್ಧರು ಮಾಂಸ ಬಿಡುವುದರಿಂದ ಆ ದಿನಗಳಲ್ಲಿ ಚಾಯ್ ಊಟ ಸುಲಭ. ಜೇ ಅಡುಗೆಗೆ ಬೆಳ್ಳುಳ್ಳಿ, ಈರುಳ್ಳಿಯೂ ನಿಷಿದ್ಧ. ಹಾಗಾಗಿ ಜೇ ಅಂಗಡಿಯಲ್ಲಿ ಸೋಮ್ ತಮ್ ಬಿಟ್ಟು ಅಣಬೆಯ ಟಾಮ್ ಯಮ್ ಕೇಳಿ.