ಕ್ಯಾಬಿನ್, ಅಕ್ಕನ ಮನೆ, ದುಬೈ ಶಟಲ್: ಮೂರೂ ಟ್ರೈ ಮಾಡಿದೋನ ಮಾತು

2026ರ ಫುಟ್‌ಬಾಲ್ ವರ್ಲ್ಡ್ ಕಪ್‌ಗೆ ಹೋಗೋದು ಹೆಂಗೆ ಗುರು, ಟಿಕೆಟ್ ಎಲ್ಲಿ ಸಿಗುತ್ತೆ, ಒಟ್ಟು ಎಷ್ಟು ಕೈ ಬಿಡುತ್ತೆ ಅಂತ ಗ್ರೂಪಲ್ಲಿ ಒಬ್ಬರಾದ್ಮೇಲೆ ಒಬ್ಬರು ಕೇಳ್ತಾನೇ ಇದಾರೆ. ಆದ್ರೆ ಮ್ಯಾಚ್ ಮುಗಿದ್ಮೇಲೆ ರಾತ್ರಿ ಒಂದು ಗಂಟೇಲಿ ಎಲ್ಲಿಗೆ ಹೋಗಿ ಬಿದ್ಕೊಳ್ತೀರ ಅನ್ನೋದನ್ನ ಮಾತ್ರ ಯಾರೂ ಕೇಳಲ್ಲ. 2022ರಲ್ಲಿ ಕತಾರ್ ವರ್ಲ್ಡ್ ಕಪ್‌ಗೆ ಹೊರಡೋವಾಗ ನಾನೂ ಕೇಳ್ಕೊಂಡಿರಲಿಲ್ಲ, ಅದಕ್ಕೇ ಒಂದೇ ಟ್ರಿಪ್ಪಲ್ಲಿ ಮೂರು ಥರ ಇದ್ದು ಮೂರು ಥರ ಒದ್ದಾಡಿ ಬಂದೆ.

ನಾವು ಹಲಸೂರು ಕಡೆಯೋರು. ಪಕ್ಕದಲ್ಲೇ ಪೆಲೆ ಪ್ರತಿಮೆ ಇರೋ ಗೌತಮಪುರ, ಅಲ್ಲಿ ಹುಟ್ಟಿದ ಮಗು ನಡೆಯೋಕೆ ಮುಂಚೆ ಬಾಲ್ ಒದೆಯುತ್ತೆ ಅಂತ ತಮಾಷೆ ಮಾಡ್ತಾರೆ, ಪೂರ್ತಿ ತಮಾಷೆನೂ ಅಲ್ಲ ಅದು. ಹಂಗಾಗಿ ನನಗೂ ನನ್ನ ಫ್ರೆಂಡ್ ಸಂತುಗೂ ಈ ಹುಚ್ಚು ಚಿಕ್ಕ ವಯಸ್ಸಿಂದ. ನವೆಂಬರ್ 25ಕ್ಕೆ ದೋಹಾ ತಲುಪಿ ಐದು ಮ್ಯಾಚ್ ನೋಡಿದ್ವಿ. ಮೊದಲೆರಡು ರಾತ್ರಿ ಫ್ಯಾನ್ ವಿಲೇಜ್ (ಮ್ಯಾಚ್ ನೋಡೋಕೆ ಬಂದೋರು ಉಳಿಯೋಕೆ ಅಂತ ಮಾಡಿದ್ದ ಜಾಗ) ಕ್ಯಾಬಿನ್, ಆಮೇಲೆರಡು ರಾತ್ರಿ ದೊಡ್ಡಮ್ಮನ ಮಗಳು ಅಕ್ಕನ ಮನೆ, ಕೊನೇ ಮ್ಯಾಚ್‌ಗೆ ದುಬೈಲಿ ರೂಮ್ ಮಾಡಿ ಅಲ್ಲಿಂದ ಶಟಲ್ ಫ್ಲೈಟಲ್ಲಿ ಹೋಗಿ ಬರೋದು. ಮೂರನ್ನೂ ಅಳೆದಿದ್ದು ಒಂದೇ ಅಳತೆಲಿ, ರೆಫ್ರಿ ಕೊನೇ ವಿಸಿಲ್ ಊದಿದ ಟೈಮಿಂದ ನನ್ನ ತಲೆ ದಿಂಬಿಗೆ ತಾಗೋವರೆಗೆ ಎಷ್ಟು ಹೊತ್ತು.

ಮೊದಲು ಕ್ಯಾಬಿನ್. ಊರಾಚೆ ಬಯಲಲ್ಲಿ ಸಾಲಾಗಿ ನಿಲ್ಲಿಸಿದ ಪೆಟ್ಟಿಗೆ ಅಂದ್ಕೊಳ್ಳಿ, ಒಳಗೆ ಎರಡು ಮಂಚ, ಒಂದು ಏಸಿ, ಒಂದು ಪುಟಾಣಿ ಫ್ರಿಜ್. ಕ್ಯಾಬಿನ್‌ಗೆ ರಾತ್ರಿಗೆ 200 ಡಾಲರ್‌ನಿಂದ ಶುರು ಇತ್ತು, ಆಗಿನ ಲೆಕ್ಕದಲ್ಲಿ 16 ಸಾವಿರ ರೂಪಾಯಿ ದಾಟ್ತಿತ್ತು, ಇಬ್ಬರು ಹಂಚ್ಕೊಂಡ್ವಿ ಅಂತ ಬಚಾವು. ಒಳ್ಳೇದು ಏನಪ್ಪ ಅಂದ್ರೆ ಯಾರ ಹಂಗೂ ಇಲ್ಲ, ಯಾವಾಗ ಬಂದ್ರೂ ಯಾರೂ ಕೇಳಲ್ಲ, ಅಕ್ಕಪಕ್ಕ ಮೆಕ್ಸಿಕೋದೋರು, ಟುನೀಶಿಯಾದೋರು, ಕೇರಳದೋರಂತೂ ಲೆಕ್ಕಾನೇ ಇಲ್ಲ, ರಾತ್ರಿಯೆಲ್ಲ ಡ್ರಮ್ಮು ಹಾಡು ಜಾತ್ರೆ ಥರ. ಕೆಟ್ಟದ್ದೂ ಅದೇನೇ, ರಾತ್ರಿಯೆಲ್ಲ ಡ್ರಮ್ಮು ಹಾಡು. ಚೆಕ್ ಇನ್ ಕ್ಯೂನಲ್ಲೇ ಎರಡು ಗಂಟೆ ಹೋಯ್ತು, ಹಗಲು ಬಿಸಿಲಿಗೆ ಪೆಟ್ಟಿಗೆ ಕಾದು ಹೋಗಿರುತ್ತೆ, ಏಸಿ ಹಾಕಿದ್ರೆ ಹಳೇ ಮಿಕ್ಸಿ ಥರ ಸದ್ದು.

ಇನ್ನೊಂದು ಮಜಾ ಏನಂದ್ರೆ ಎಲ್ಲ ಕ್ಯಾಬಿನ್‌ಗಳೂ ಒಂದೇ ಥರ. ರಾತ್ರಿ ಬಂದು ನಮ್ಮದು ಯಾವುದು ಅಂತ ಹುಡುಕೋದೇ ಒಂದು ಕೆಲಸ ಆಗ್ಬಾರ್ದು ಅಂತ ಸಂತು ಬುದ್ಧಿವಂತಿಕೆ ತೋರ್ಸಿ ನಮ್ಮ ಬೆಂಗಳೂರು ಎಫ್‌ಸಿ ಟೀಮಿನ ನೀಲಿ ಸ್ಕಾರ್ಫ್ ತಗೊಂಡು ಬಾಗಿಲ ಹಿಡಿಗೆ ಕಟ್ಟಿದ. ವಾಪಸ್ ಬಂದು ನೋಡ್ತೀವಿ, ನಮ್ಮ ಸಾಲಲ್ಲಿ ಏಳೆಂಟು ಬಾಗಿಲಿಗೆ ಸ್ಕಾರ್ಫು, ಅದ್ರಲ್ಲಿ ಮೂರು ನೀಲಿ. ಯಾರದೋ ಬಾಗಿಲಿಗೆ ಕೀ ಹಾಕಿ ತಿರುಗಿಸ್ತಾ ನಿಂತಿದ್ವಿ, ಒಳಗಿಂದ ಸ್ಪ್ಯಾನಿಷ್‌ನಲ್ಲಿ ಮಂಗಳಾರತಿ ಶುರು ಆದ್ಮೇಲೇ ಗೊತ್ತಾಗಿದ್ದು.

ಆವತ್ತು ನವೆಂಬರ್ 26, ಅರ್ಜೆಂಟೀನಾ ಮೆಕ್ಸಿಕೋ ಮ್ಯಾಚು, ಲುಸೈಲ್ ಸ್ಟೇಡಿಯಂನಲ್ಲಿ ರಾತ್ರಿ 10ಕ್ಕೆ. ನಾಲ್ಕು ದಿನದ ಹಿಂದೆ ಸೌದಿ ಹತ್ರ 2-1 ಸೋತು ಕೂತಿದ್ದ ಅರ್ಜೆಂಟೀನಾ, 64ನೇ ನಿಮಿಷದಲ್ಲಿ ಮೆಸ್ಸಿ ಬಾಕ್ಸಿನ ಆಚೆಯಿಂದ ನೆಲಕ್ಕೆ ಸವರಿದ ಹಂಗೆ ಹೊಡೆದ ನೋಡಿ, ಪಕ್ಕದ ಅಪರಿಚಿತ ತಾತ ನನ್ನನ್ನ ಎತ್ಕೊಂಡೇಬಿಟ್ಟ. ಅವತ್ತು ಸ್ಟೇಡಿಯಂನಲ್ಲಿದ್ದಿದ್ದು 88,966 ಜನ, ಎರಡು ಚಿನ್ನಸ್ವಾಮಿ ಒಟ್ಟಿಗೆ ಖಾಲಿ ಆದ್ರೂ ಅಷ್ಟಾಗಲ್ಲ. ಅಷ್ಟೂ ಜನ ಒಂದೇ ಮೆಟ್ರೋ ಸ್ಟೇಷನ್ ಕಡೆ ಹೊರಟ್ರೆ ಏನಾಗ್ಬೇಕು ಹೇಳಿ. ಕಣ್ಣೆದುರಿಗೇ ಸ್ಟೇಷನ್ ಕಾಣ್ತಿದ್ರೂ ಬ್ಯಾರಿಕೇಡ್ ಹಾಕಿ ಹಾವಿನ ಥರ ಸುತ್ತಾಡಿಸಿ ಸುತ್ತಾಡಿಸಿ ಬಿಡ್ತಾರೆ, ನುಗ್ಗಾಟ ಆಗ್ಬಾರ್ದು ಅಂತ, ಸರಿನೇ, ಆದ್ರೆ ಕಾಲು ಬಿದ್ದೋಗುತ್ತೆ. ಅಲ್ಲಿಂದ ಮೆಟ್ರೋ, ಮೆಟ್ರೋ ಇಳಿದು ಬಸ್ಸು, ಬಸ್ಸಿಳಿದು ಮೇಲೆ ಹೇಳಿದ ಸ್ಕಾರ್ಫ್ ಪ್ರಸಂಗ. ವಿಸಿಲ್ ಹನ್ನೆರಡಕ್ಕೆ, ದಿಂಬು ಮೂರಕ್ಕೆ ಹತ್ತು ನಿಮಿಷ ಇರೋವಾಗ.

27ಕ್ಕೆ ಗಂಟುಮೂಟೆ ಕಟ್ಕೊಂಡು ಅಕ್ಕನ ಮನೆಗೆ. ಅಕ್ಕ ಭಾವ ಇರೋದು ಅಲ್ ಮನ್ಸೂರಾದಲ್ಲಿ, ಗ್ರೀನ್ ಲೈನ್‌ನ ಕೊನೇ ಸ್ಟೇಷನ್, ಇಳಿದು ಹತ್ತು ನಿಮಿಷ ನಡೆದ್ರೆ ಮನೆ. ದೋಹಾ ಮೆಟ್ರೋದಲ್ಲಿ ಕೆಂಪು, ಹಸಿರು, ಚಿನ್ನ ಅಂತ ಮೂರು ಲೈನು, ಮೂರೂ ಸೇರೋದು ಮುಶೈರಿಬ್‌ನಲ್ಲಿ, ನಮ್ಮ ಮೆಜೆಸ್ಟಿಕ್ ಇದ್ದಂಗೆ. ವರ್ಲ್ಡ್ ಕಪ್ ಅಂತ ರಾತ್ರಿ 3ರ ತನಕ ಓಡ್ತಿತ್ತು, ಹಯ್ಯಾ ಕಾರ್ಡ್ ಇದ್ರೆ ಫ್ರೀ. ಹಯ್ಯಾ ಅಂದ್ರೆ ಅವರ ಫ್ಯಾನ್ ಐಡಿ, ಆಗ ಅದೇ ವೀಸಾ, ಅದಿಲ್ದೆ ಟಿಕೆಟ್ ಇದ್ರೂ ಗೇಟ್ ಒಳಗೆ ಬಿಡ್ತಿರಲಿಲ್ಲ. ನೆಂಟರ ಮನೇಲಿ ಇರೋದಾದ್ರೆ ಆ ಮನೆಯವರು ಪೋರ್ಟಲ್‌ನಲ್ಲಿ ನಮ್ಮ ಹೆಸರು ಗೆಸ್ಟ್ ಅಂತ ಸೇರಿಸ್ಬೇಕಿತ್ತು, ಒಂದು ಮನೆಗೆ 10 ಜನರ ತನಕ. ಭಾವ ತಿಂಗಳು ಮುಂಚೆನೇ ಮಾಡಿಟ್ಟಿದ್ರು.

ಆವತ್ತು ರಾತ್ರಿ ಸ್ಪೇನ್ ಜರ್ಮನಿ, ಅಲ್ ಬೈತ್ ಸ್ಟೇಡಿಯಂ, 1-1. ಇದು ಅಲ್ ಖೋರ್‌ನಲ್ಲಿದೆ, ದೋಹಾದಿಂದ 35 ಕಿಲೋಮೀಟರ್, ಮೆಜೆಸ್ಟಿಕ್‌ನಿಂದ ನಮ್ಮ ಏರ್‌ಪೋರ್ಟ್‌ಗೆ ಹೋದಂಗೆ, ಮೆಟ್ರೋನೂ ಅಲ್ಲೀತನಕ ಇಲ್ಲ, ಲುಸೈಲ್‌ವರೆಗೆ ಮೆಟ್ರೋ ಆಮೇಲೆ ಬಸ್ಸು. ಅಷ್ಟು ದೂರದಿಂದ ಬಂದ್ರೂ 2:40ಕ್ಕೆ ಹಾಸಿಗೆ ಮೇಲಿದ್ದೆ, ಹತ್ರದ ಲುಸೈಲ್‌ನಿಂದ ಕ್ಯಾಬಿನ್‌ಗೆ ಹೋದಾಗಿಗಿಂತ ಹತ್ತು ನಿಮಿಷ ಬೇಗ. ಸ್ಟೇಷನ್ ಹತ್ರ ಮನೆ ಇರೋದರ ಬೆಲೆ ಅಷ್ಟು.

28 ಇದೆಯಲ್ಲ, ಆ ದಿನ ಮಾತ್ರ ಜೀವನದಲ್ಲಿ ಮರೆಯಲ್ಲ. ಮಧ್ಯಾಹ್ನ 1ಕ್ಕೆ ಅಲ್ ಜನೂಬ್‌ನಲ್ಲಿ ಕ್ಯಾಮರೂನ್ ಸರ್ಬಿಯಾ. 3-1 ಆಗಿ ಮುಗೀತು ಕಥೆ ಅಂತ ಸಂತು ನೀರು ತರೋಕೆ ಎದ್ದು ಹೋದ, ಅಷ್ಟರಲ್ಲಿ ಸಬ್‌ಸ್ಟಿಟ್ಯೂಟ್ ಆಗಿ ಬಂದಿದ್ದ ಅಬೂಬಕರ್ ಗೋಲಿ ತಲೆ ಮೇಲಿಂದ ಮೆಲ್ಲಗೆ ಎತ್ತಿ ಹಾಕಿದ, ಇನ್ನು ಮೂರು ನಿಮಿಷಕ್ಕೆ ಚುಪೋ ಮೋಟಿಂಗ್ ಇನ್ನೊಂದು. ಸಂತು ಬಾಟಲ್ ಹಿಡ್ಕೊಂಡು ಬಂದಾಗ ಬೋರ್ಡಲ್ಲಿ 3-3, ಇವತ್ತಿಗೂ ಆ ವಿಷ್ಯ ತೆಗೆದ್ರೆ ಮುಖ ಊದಿಸ್ಕೋತಾನೆ. ಅಲ್ಲಿಂದ ಮನೆಗೆ ಬಂದು ಸ್ನಾನ ಮಾಡಿ, ಅಕ್ಕ ಮಾಡಿಟ್ಟಿದ್ದ ಉಪ್ಪಿಟ್ಟು ಕಾಫಿ ಮುಗಿಸಿ, 7ಕ್ಕೆ 974 ಸ್ಟೇಡಿಯಂನಲ್ಲಿ ಬ್ರೆಜಿಲ್ ಸ್ವಿಟ್ಜರ್ಲೆಂಡ್. ಇದು ಹಡಗಿನ ಕಂಟೇನರ್ ಜೋಡಿಸಿ ಕಟ್ಟಿದ್ದು, 974 ಕಂಟೇನರ್, ಕತಾರ್‌ನ ಫೋನ್ ಕೋಡೂ ಅದೇ ನಂಬರು. ಮಧ್ಯ ಒಂದ್ಸಲ ಲೈಟ್ ಹೋಗಿ ಬಂತು, ನಾವು ಬೆಂಗಳೂರಿನೋರು ಅಲ್ವಾ, ಸುತ್ತ ಎಲ್ಲ ಗಾಬರಿಯಾದ್ರೆ ನಾವಿಬ್ಬರು ಮಾತ್ರ ಆರಾಮಾಗಿ ಕೂತಿದ್ವಿ. 83ರಲ್ಲಿ ಕಾಸೆಮಿರೋ ಗೋಲು, ಹತ್ತೂಕಾಲಿಗೆಲ್ಲ ಮನೇಲಿ ಅನ್ನ ಸಾರು. ವಿಸಿಲ್‌ನಿಂದ ದಿಂಬಿಗೆ ಒಂದೂವರೆ ಗಂಟೆ, ಅದ್ರಲ್ಲಿ ಊಟಾನೂ ಸೇರಿ.

ಹಂಗಾದ್ರೆ ಅಕ್ಕನ ಮನೆನೇ ಬೆಸ್ಟ್ ಅಂತೀರಾ? ಸ್ವಲ್ಪ ತಡೀರಿ. 27ರ ರಾತ್ರಿ ಎರಡೂವರೆಗೆ ಮೆಲ್ಲಗೆ ಕೀ ತಿರುಗಿಸಿ ಕಳ್ಳನ ಥರ ಒಳಗೆ ಕಾಲಿಟ್ರೆ ಹಾಲ್‌ನಲ್ಲಿ ಲೈಟು, ಅಕ್ಕ ಸೋಫಾ ಮೇಲೆ ಕೂತ್ಕೊಂಡೇ ನಿದ್ದೆ ಹೋಗಿದಾಳೆ, ಪಕ್ಕದ ಟೀಪಾಯ್ ಮೇಲೆ ಎರಡು ತಟ್ಟೆ ಮುಚ್ಚಿಟ್ಟಿದಾಳೆ. ಬೆಳಿಗ್ಗೆ ಆರಕ್ಕೆ ಎದ್ದು ಮಗೂನ ಸ್ಕೂಲಿಗೆ ರೆಡಿ ಮಾಡೋಳು ಅವಳು. ಊಟ ಆಗಿದೆ ಕಣಕ್ಕ ಅಂದ್ರೆ, ಎಲ್ಲಿ ಆಗಿದೆ ಮುಖ ನೋಡಿದ್ರೆ ಗೊತ್ತಾಗುತ್ತೆ ತಿನ್ನು ಅಂತಾಳೆ. ಆ ತಟ್ಟೆ ನೋಡಿ ನನಗೆ ಗೋಲ್ ಸಂಭ್ರಮ ಎಲ್ಲ ಇಳಿದೋಯ್ತು. ಕ್ಯಾಬಿನ್‌ನಲ್ಲಿ ದುಡ್ಡು ಹೋಗುತ್ತೆ ಅಷ್ಟೇ, ಇಲ್ಲಿ ದಾಕ್ಷಿಣ್ಯ. ಎರಡು ರಾತ್ರಿ ಓಕೆ, ಮೂರನೇದು ಕೇಳೋಕೆ ನನಗೆ ಬಾಯಿ ಬರಲಿಲ್ಲ. ಊರಿಂದ ಬ್ಯಾಗ್ ತುಂಬ ಹುರಿಗಾಳು, ಚಟ್ನಿಪುಡಿ, ಕೋಡುಬಳೆ ತಗೊಂಡು ಹೋಗಿದ್ದೆ, ಅದರಿಂದ ಎಲ್ಲ ಸರಿಹೋಗಲ್ಲ ಗುರು.

ಅದಕ್ಕೇ 29ಕ್ಕೆ ದುಬೈ. ಐಡಿಯಾ ಸಂತುದು. ಹಯ್ಯಾ ಇದ್ದೋರಿಗೆ ಯುಎಇ 100 ದಿರ್ಹಮ್‌ಗೆ ಮಲ್ಟಿಪಲ್ ಎಂಟ್ರಿ ವೀಸಾ ಕೊಡ್ತಿತ್ತು, ದೋಹಾ ರೇಟಿಗೆ ಹೋಲಿಸಿದ್ರೆ ದುಬೈಲಿ ರೂಮು ಅಗ್ಗ, ಮ್ಯಾಚ್ ದಿನ ಹೋಗಿ ಅದೇ ರಾತ್ರಿ ಬರೋ ಶಟಲ್ ಫ್ಲೈಟು, ಹಾರೋದು ಬರೀ ಒಂದು ಗಂಟೆ ಚಿಲ್ಲರೆ. ಪೇಪರ್ ಮೇಲೆ ಸಕ್ಕತ್ತಾಗಿದೆ. ಶಟಲ್‌ಗೆ ಹೋಗಿ ಬರೋಕೆ ಸಾವಿರ ದಿರ್ಹಮ್ ಆಸುಪಾಸು ಅಂದ್ರೆ 22 ಸಾವಿರ ರೂಪಾಯಿ, ಅದೊಂದೇ ಕ್ಯಾಬಿನ್‌ನ ಒಂದು ರಾತ್ರಿಗಿಂತ ಜಾಸ್ತಿ, ಇದನ್ನ ಹಲಸೂರಲ್ಲೇ ಕೂತು ಲೆಕ್ಕ ಹಾಕ್ಬೇಕಿತ್ತು. ನಮ್ಮ ರೂಮು ಡೇರಾದಲ್ಲಿ, ಫ್ಲೈಟು ಅಲ್ ಮಕ್ತೂಮ್ ಏರ್‌ಪೋರ್ಟಿಂದ, ಊರಿನ ಈ ತುದಿಯಿಂದ ಆ ತುದಿ. ಜೊತೆಗೆ ದುಬೈ ಟೈಮು ದೋಹಾಗಿಂತ ಒಂದು ಗಂಟೆ ಮುಂದೆ, ಸಂತು ಫೋನ್ ಒಂದು ಟೈಮ್ ತೋರಿಸಿದ್ರೆ ಕೈ ಗಡಿಯಾರ ಇನ್ನೊಂದು, ಹೊರಡೋ ಹೊತ್ತಿಗೆ ಜೀವ ಬಾಯಿಗೆ ಬಂದಿತ್ತು.

30ರ ರಾತ್ರಿ ಪೋಲೆಂಡ್ ಅರ್ಜೆಂಟೀನಾ, ಮತ್ತೆ 974. ಮೆಸ್ಸಿ ಪೆನಾಲ್ಟಿನ ಶ್ಚೆನ್ಸ್ನಿ ತಡೆದ, ಆಮೇಲೆ ಮ್ಯಾಕ್ ಅಲಿಸ್ಟರ್, ಅಲ್ವಾರೆಸ್ ಹೊಡೆದು 2-0. ಪೋಲೆಂಡ್ ಸೋತೂ ಗೋಲ್ ಲೆಕ್ಕದಲ್ಲಿ ಮುಂದಕ್ಕೆ ಹೋಯ್ತು, ಹಂಗಾಗಿ ಎರಡೂ ಕಡೆಯೋರು ಕುಣೀತಿದ್ರು. ನಾವು ಕುಣಿಯೋಕಾಗಲಿಲ್ಲ, ಏರ್‌ಪೋರ್ಟ್‌ಗೆ ಓಡ್ಬೇಕಿತ್ತು. ಓಡಿ ಹೋದ್ರೆ ಫ್ಲೈಟ್ ಲೇಟು. ಗೋಡೆಗೊರಗಿ ನೆಲದ ಮೇಲೆ ಕೂತಿದ್ವಿ, ಎದುರಿಗೆ ಅರ್ಜೆಂಟೀನಾ ಜೆರ್ಸಿ ಹಾಕಿದ ಒಬ್ಬ ಅಜ್ಜ ಬೂಟು ಬಿಚ್ಚಿ ತಲೆಗಿಟ್ಕೊಂಡು ಗೊರಕೆ ಹೊಡೀತಿದ್ದ. ನಾನೂ ನನ್ನ ಬೂಟು ಬಿಚ್ಚಿ ಟ್ರೈ ಮಾಡಿದೆ, ಆಗಲ್ಲ, ಅದಕ್ಕೂ ಅನುಭವ ಬೇಕು. ಡೇರಾ ರೂಮಲ್ಲಿ ಮಲಗಿದಾಗ ದುಬೈ ಟೈಮು ಬೆಳಿಗ್ಗೆ ಎಂಟೂವರೆ. ವಿಸಿಲ್‌ನಿಂದ ದಿಂಬಿಗೆ ಏಳೂವರೆ ಗಂಟೆ! ಅಷ್ಟೊತ್ತಲ್ಲಿ ಬೆಂಗಳೂರಿಗೇ ಬಂದ್ಬಿಡಬಹುದಿತ್ತು, ದೋಹಾದಿಂದ ನಮಗೆ ಫ್ಲೈಟು ನಾಲ್ಕೂವರೆ ಗಂಟೆ ಅಷ್ಟೇ.

ಹಾಗಾಗಿ ನನ್ನ ಲೆಕ್ಕದಲ್ಲಿ ಅಕ್ಕನ ಮನೆ ಒಂದನೇದು, ಆದ್ರೆ ಎರಡೇ ರಾತ್ರಿ. ಉಳಿದಿದ್ದಕ್ಕೆ ಕ್ಯಾಬಿನ್, ಅದೂ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಇರೋದು, ಬಸ್ ಹತ್ತೋ ಥರದ್ದು ಬೇಡ. ಶಟಲ್ ಒಂದೇ ಮ್ಯಾಚ್ ನೋಡೋಕೆ ಬರೋರಿಗೆ, ಅಥವಾ ಮಧ್ಯಾಹ್ನ 1ರ ಮ್ಯಾಚ್‌ಗೆ ಸರಿ. ರಾತ್ರಿ 10ರ ಮ್ಯಾಚ್‌ಗೆ ಶಟಲ್ ಅಂದ್ರೆ ಕೈ ಮುಗೀತೀನಿ. ಸಂತು ಇದನ್ನ ಒಪ್ಪಲ್ಲ, ಅವನ ಪ್ರಕಾರ ಕ್ಯಾಬಿನ್ನೇ ಫಸ್ಟು, ಅವನಿಗೆ ಆ ಡ್ರಮ್ಮು ಇಷ್ಟ ಆಗಿತ್ತು.

ಸೀಟಿನ ಬಗ್ಗೆನೂ ಹೇಳ್ಬಿಡ್ತೀನಿ. ಕತಾರ್‌ನಲ್ಲಿ ಮೊದಲ ಸುತ್ತಿನ ಗ್ರೂಪ್ ಮ್ಯಾಚ್‌ಗೆ ಕ್ಯಾಟಗರಿ 3, ಅಂದ್ರೆ ದೂರದ ಸೀಟಿನ ಟಿಕೆಟ್ 250 ರಿಯಾಲ್ ಇತ್ತು, ಆಗಿನ 5,600 ರೂಪಾಯಿ ಹತ್ರ, ಒಳ್ಳೇ ಸೀಟಿನ ಕ್ಯಾಟಗರಿ 1 ಆದ್ರೆ 800 ರಿಯಾಲ್, 18 ಸಾವಿರದ ಹತ್ರ. ನಾನು ಉಲ್ಟಾ ಮಾಡ್ದೆ. ದೊಡ್ಡ ಲುಸೈಲ್‌ಗೆ 3 ತಗೊಂಡೆ, ಮೇಲಿಂದ ಮೆಸ್ಸಿ ಅವರೆಕಾಳಷ್ಟು ಕಂಡ. ಚಿಕ್ಕ 974ರಲ್ಲಿ ಬ್ರೆಜಿಲ್ ಮ್ಯಾಚ್‌ಗೆ 1 ತಗೊಂಡೆ, ಅಲ್ಲಿ 3 ತಗೊಂಡಿದ್ರೂ ನಡೀತಿತ್ತು, ಪೋಲೆಂಡ್ ಮ್ಯಾಚ್‌ಗೆ ಅಲ್ಲೇ 3ರಲ್ಲಿ ಕೂತಾಗ ಪ್ಲೇಯರ್ ಮುಖ ಎಲ್ಲ ಕಾಣ್ತಿತ್ತು. ದೊಡ್ಡ ಸ್ಟೇಡಿಯಂಗೆ ಸುರೀರಿ, ಚಿಕ್ಕದಕ್ಕೆ ಉಳಿಸಿ.

ಮರಳುಗಾಡು ಅಂತ ಸ್ವೆಟರ್ ಬಿಟ್ಟು ಹೋಗಿದ್ದೆ, ಏಸಿ ಇರೋ ಸ್ಟೇಡಿಯಂನಲ್ಲಿ ರಾತ್ರಿ ನಡುಗ್ದೆ, 974ರಲ್ಲಿ ಮಾತ್ರ ಏಸಿ ಇಲ್ಲ. ಸ್ಟೇಡಿಯಂ ಒಳಗೆ ಕಾರ್ಡು ಅಂದ್ರೆ ವೀಸಾ ಕಂಪನಿ ಕಾರ್ಡ್ ಒಂದೇ ನಡೀತಿದ್ದಿದ್ದು, ಸ್ಪಾನ್ಸರ್ ಅವರೇ ಅಲ್ವಾ, 2026ಕ್ಕೂ ಅವರೇ, ಫೋರೆಕ್ಸ್ ಕಾರ್ಡ್ ಮಾಡಿಸೋವಾಗ ಇದನ್ನ ನೋಡ್ಕೊಳ್ಳಿ. ಮ್ಯಾಚ್ ಮುಗಿದ ತಕ್ಷಣ ಕ್ಯಾಬ್ ಹುಡುಕ್ಬೇಡಿ, ಒಂದ್ಸಲ ಬುಕ್ ಮಾಡಿ ಪಿಕಪ್ ಜಾಗಕ್ಕೆ ನಡೆಯೋದ್ರಲ್ಲೇ ಅರ್ಧ ಗಂಟೆ ಆಯ್ತು, ಅಷ್ಟರಲ್ಲಿ ಡ್ರೈವರ್ ಕ್ಯಾನ್ಸಲ್ ಮಾಡಿ ಹೋಗಿದ್ದ. ದೋಹಾದ ಹಳೇ ಪೇಟೆ ಸೂಕ್ ವಾಕಿಫ್ ಹತ್ರ ಎತ್ತರದ ಕುರ್ಚಿ ಮೇಲೆ ಕೂತು ದೊಡ್ಡ ಫೋಮ್ ಕೈ ತೋರಿಸ್ತಾ ‘ಮೆಟ್ರೋ? ದಿಸ್ ವೇ!’ ಅಂತ ರಾಗವಾಗಿ ಕೂಗ್ತಿದ್ದ ಕೀನ್ಯಾದ ಹುಡುಗನ ಮಾತು ಕೇಳಿ ಸುಮ್ನೆ ಆ ಕಡೆ ನಡೀರಿ ಅಷ್ಟೇ.

ಈಗ 2026ರ ವರ್ಲ್ಡ್ ಕಪ್. ಇದು ಬೇರೆನೇ ಲೆಕ್ಕ, ಮೂರು ದೇಶ, 16 ಊರು, 48 ಟೀಮು, 104 ಮ್ಯಾಚು. ಒಂದೇ ದಿನ ಎರಡು ಮ್ಯಾಚು ನೋಡಿ ನಡುವೆ ಉಪ್ಪಿಟ್ಟು ತಿನ್ನೋ ಕಥೆ ಇಲ್ಲ ಅಲ್ಲಿ. ಮ್ಯಾಚ್ ಟಿಕೆಟ್ ವೀಸಾ ಅಲ್ಲ, ಹಯ್ಯಾ ಥರದ್ದು ಏನೂ ಇಲ್ಲ. ಅಮೆರಿಕ ವೀಸಾ ಇದ್ರೆ ನಮ್ಮೋರಿಗೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ, ಕೆನಡಾಗೆ ಮಾತ್ರ ಬೇರೆ ಮಾಡಿಸ್ಬೇಕು, ಹಂಗಾಗಿ ಟೊರಾಂಟೊ, ವ್ಯಾಂಕೂವರ್ ಮ್ಯಾಚ್ ಟಿಕೆಟ್ ಮುಟ್ಟೋ ಮುಂಚೆ ಎರಡ್ಸಲ ಯೋಚ್ನೆ ಮಾಡಿ. ಎಲ್ಲಾ ಊರೂ ಸುತ್ತೋ ಆಸೆ ಬಿಟ್ಟು, ಟ್ರೈನ್‌ನಲ್ಲಿ ಓಡಾಡಬಹುದಾದ ಬಾಸ್ಟನ್, ನ್ಯೂಯಾರ್ಕ್ ನ್ಯೂಜೆರ್ಸಿ, ಫಿಲಡೆಲ್ಫಿಯಾ ಅಷ್ಟೇ ಹಿಡ್ಕೊಂಡ್ರೆ ನಿಭಾಯಿಸಬಹುದು ಅನ್ಸುತ್ತೆ ನನಗೆ.

ನ್ಯೂಜೆರ್ಸಿಲಿ ನನಗೆ ಅಕ್ಕ ಇಲ್ಲ. ಸಂತುಗೆ ಒಬ್ಬ ಚಿಕ್ಕಪ್ಪ ಇದಾರಂತೆ, ದೊಡ್ಡ ಮನೆಯಂತೆ, ಎಷ್ಟು ದಿನ ಬೇಕಾದ್ರೂ ಇರ್ರೋ ಅಂದಿದಾರಂತೆ, ಸ್ಟೇಷನ್‌ಗೆ ಮಾತ್ರ ಕಾರಲ್ಲಿ ನಲವತ್ತು ನಿಮಿಷವಂತೆ. ರಾತ್ರಿ ಕೊನೇ ಟ್ರೈನ್ ಎಷ್ಟೊತ್ತಿಗೆ, ಇಳಿದ್ಮೇಲೆ ಕರ್ಕೊಂಡು ಹೋಗೋಕೆ ಯಾರು ಬರ್ತಾರೆ ಕೇಳು ಮಗಾ ಅಂತ ಮೆಸೇಜ್ ಹಾಕಿದೀನಿ, ನೋಡಿದಾನೆ, ಬ್ಲೂ ಟಿಕ್ ಬಂದು ನಾಲ್ಕು ದಿನ ಆಯ್ತು.