ಅಗ್ವಿಲಾರ್ ಒಬಿಪಿ-3 ಬೇಸ್ ಪ್ರೀಆಂಪ್: ಮೂರು ವರ್ಷದ ಬಳಕೆಯ ನಂತರ

ನನ್ನದು ಐದು ತಂತಿಯ ಜಾಝ್ ಮಾದರಿಯ ಬೇಸ್ ಗಿಟಾರ್, ಅದರಲ್ಲಿ ಎರಡು ಪ್ಯಾಸಿವ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಬ್ಯಾಟರಿ ಬೇಡದ ಭಾಗ). ಮೊದಲಿನಿಂದ ಇದ್ದ ಎರಡು ಬ್ಯಾಂಡಿನ ಪ್ರೀಆಂಪ್ (ಪಿಕಪ್ಪಿನ ಸದ್ದನ್ನು ತಿದ್ದುವ, ವಾದ್ಯದೊಳಗಿನ ಬ್ಯಾಟರಿ ಸರ್ಕ್ಯೂಟ್) ತೆಗೆದು ಒಬಿಪಿ-3 ಕೂರಿಸಿ ಮೂರು ವರ್ಷವಾಯಿತು. ಇದು ನಿಮಗೆ ಹಿಡಿಸುತ್ತದೋ ಇಲ್ಲವೋ ಎನ್ನುವುದು ಅದರ ಬೇಸ್ (ತಗ್ಗಿನ ಸದ್ದಿನ) ನಾಬಿನಲ್ಲೇ ತೀರ್ಮಾನವಾಗುತ್ತದೆ.

ಆ ನಾಬು ಹಿಡಿಯುವುದು 40 ಹರ್ಟ್ಸ್ ಸುತ್ತಮುತ್ತ. ಇ ತಂತಿಯನ್ನು ಬಿಟ್ಟು ಮೀಟಿದರೆ ಬರುವ ಮೂಲಸ್ವರ 41 ಹರ್ಟ್ಸ್, ಬಿ ತಂತಿಯದು 31ರ ಹತ್ತಿರ. ಅಂದರೆ ಸ್ವರದ ಬುಡವೇ ಮೇಲೆದ್ದು ಬರುತ್ತದೆ, ಅದರ ಮೇಲಿನ ಭಾಗ ಮಂಕಾಗುವುದಿಲ್ಲ. ಒಳ್ಳೆಯ ಸ್ಪೀಕರ್ ಕ್ಯಾಬಿನೆಟ್ ಇದ್ದರೆ ಬಿ ತಂತಿ ಎದೆಗೆ ತಾಗುತ್ತದೆ. 8 ಇಂಚಿನ ಪ್ರಾಕ್ಟೀಸ್ ಆಂಪಿನಲ್ಲಿ ಮಾತ್ರ ನಾಬು ತಿರುಗಿಸಿದಷ್ಟೂ ಕೋನ್ ಪಟಪಟ ಹೊಡೆದುಕೊಳ್ಳುತ್ತದೆಯೇ ಹೊರತು ಸದ್ದು ಏರುವುದಿಲ್ಲ. ಬೇಸ್ ಸಾಲದು ಅನ್ನಿಸಿದರೆ ಮೊದಲು ಬೇರೆ ಸ್ಪೀಕರಿನಲ್ಲಿ ಕೇಳಿ. ನಡುವಿನ ಗುರುತಿನಿಂದ ಕಾಲು ತಿರುವು ಮೀರುವ ಅಗತ್ಯವೇ ಬಿದ್ದಿಲ್ಲ.

ಮಿಡ್ (ನಡುವಿನ ಸದ್ದಿನ) ನಾಬನ್ನು ಎಳೆದು ಒತ್ತಿ 400 ಅಥವಾ 800 ಹರ್ಟ್ಸ್ ಆರಿಸಬಹುದು. ಬ್ಯಾಂಡಿನ ಗದ್ದಲದಲ್ಲಿ ಬೆರಳಿನ ನುಡಿಸಾಣಿಕೆ ಕೇಳಿಸಬೇಕಾದರೆ 800 ಸ್ವಲ್ಪ ಏರಿಸಿದರೆ ಸಾಕು. ಟ್ರೆಬಲ್ (ಮೇಲಿನ ಸದ್ದು) 6.5 ಕಿಲೋಹರ್ಟ್ಸ್, ಹೊಸ ತಂತಿಗೆ ಚೆಂದ, ಹೆಚ್ಚಿಸಿದರೆ ಹಿಸ್ ಸದ್ದೂ ಜೊತೆಗೇ ಏರುತ್ತದೆ.

ಜೋಡಣೆಗೆ ಒಂದು ಸಂಜೆ ಬೇಕು. 30ರಿಂದ 40 ವ್ಯಾಟಿನ ಸೋಲ್ಡರಿಂಗ್ ಐರನ್, 0.8 ಮಿ.ಮೀ. ಬೆಸುಗೆ ತಂತಿ (ಸೋಲ್ಡರ್), ಮಲ್ಟಿಮೀಟರ್, ಹೀಟ್ ಶ್ರಿಂಕ್ ಸ್ಲೀವ್ ಸಾಕು. ಬೆಂಗಳೂರಿನಲ್ಲಿದ್ದರೆ ಎಲ್ಲವೂ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ವಾಲ್ಯೂಮ್, ಬ್ಲೆಂಡ್ (ಎರಡು ಪಿಕಪ್ ಬೆರೆಸುವುದು), ಮಿಡ್, ಬೇಸ್-ಟ್ರೆಬಲ್ ಜೋಡಿ ನಾಬು ಎಂದು ನಾಲ್ಕು ತೂತು ಬೇಕು. ಕೊಳ್ಳುವ ಮುಂಚೆ ಬೇಸಿನ ಮೈಯಲ್ಲಿ ಸರ್ಕ್ಯೂಟ್ ಕೂರುವ ಕುಳಿಯ ಆಳ ಅಳೆಯಿರಿ, ಎಳೆಯುವ ಪಾಟ್ (ನಾಬಿನ ಕೆಳಗಿನ ತಿರುಗುವ ಭಾಗ) ಉದ್ದವಿರುತ್ತದೆ. ಹಳೆಯದನ್ನು ಕೀಳುವ ಮೊದಲು ಪ್ರತಿ ವೈರಿನ ಫೋಟೋ ತೆಗೆದಿಡಿ. ಪಿಕಪ್ ಪ್ಯಾಸಿವ್ ಆಗಿದ್ದರೆ ವಾಲ್ಯೂಮ್ ಪಾಟ್ 250 ಕಿಲೋಓಮ್ ಇರಬೇಕು. ಆಕ್ಟಿವ್ ಪಿಕಪ್ಪಿಗೆಂದು ಮಾಡಿದ 25 ಕಿಲೋಓಮ್ ಪಾಟ್ ಹಾಕಿದರೆ ಅದು ಪಿಕಪ್ಪಿನ ಮೇಲೆ ಹೊರೆಯಾಗಿ, ಪ್ರೀಆಂಪ್ ತಲುಪುವ ಮೊದಲೇ ಮೇಲಿನ ಹೊಳಪು ಸಾಯುತ್ತದೆ. ಆಮೇಲೆ ಟ್ರೆಬಲ್ ಎಷ್ಟು ಏರಿಸಿದರೂ ಅದು ಮರಳುವುದಿಲ್ಲ.

ಹೆಚ್ಚು ಎಡವುವುದು ಜ್ಯಾಕಿನಲ್ಲಿ. ಸ್ಟೀರಿಯೋ ಜ್ಯಾಕಿನ ಮೂರು ಕಾಲುಗಳಲ್ಲಿ ಟಿಪ್‌ಗೆ ಔಟ್‌ಪುಟ್, ಸ್ಲೀವ್‌ಗೆ ಗ್ರೌಂಡ್, ರಿಂಗ್‌ಗೆ ಬ್ಯಾಟರಿಯ ಮೈನಸ್. ಕೇಬಲ್ ಚುಚ್ಚಿದಾಗ ಅದರ ಮೋನೋ ಪ್ಲಗ್ಗು ರಿಂಗನ್ನೂ ಸ್ಲೀವನ್ನೂ ಸೇರಿಸುತ್ತದೆ, ಆಗ ಮಾತ್ರ ವಿದ್ಯುತ್ ಹರಿಯುತ್ತದೆ. ಕುಳಿಯೊಳಗೆ ಈ ಎರಡು ಕಾಲು ಒಂದಕ್ಕೊಂದು ತಾಗಿದರೆ ಬ್ಯಾಟರಿ ಹಗಲೂ ರಾತ್ರಿ ಖಾಲಿಯಾಗುತ್ತಿರುತ್ತದೆ. ಬ್ಯಾಟರಿಯ ಕ್ಲಿಪ್ಪನ್ನು ಅದರ ಒಂದೇ ಗುಂಡಿಯ ಮೇಲೆ ಓರೆಯಾಗಿ ನಿಲ್ಲಿಸಿ, ಬಿಡುವಾದ ಎರಡು ತುದಿಗಳ ನಡುವೆ ಮೀಟರನ್ನು ಮಿಲಿಆಂಪಿಯರ್‌ನಲ್ಲಿಟ್ಟು ಹಿಡಿಯಿರಿ: ಕೇಬಲ್ ಇಲ್ಲದಾಗ ಸೊನ್ನೆ ಬರಲೇಬೇಕು. ಬ್ಯಾಟರಿ ಅರೆಕ್ಷಣ ತಿರುಗುಮುರುಗಾಗಿ ತಾಗಿದರೂ ಸರ್ಕ್ಯೂಟ್ ಸುಟ್ಟೀತು, ಹಾಗಾಗಿ ಕ್ಲಿಪ್ ಹಾಕುವಾಗ ಅವಸರ ಬೇಡ.

ಬ್ರಿಜ್‌ಗೆ ಹೋಗುವ ಗ್ರೌಂಡ್ ತಂತಿಯನ್ನು ಮರೆಯಬೇಡಿ. ನುಡಿಸುವ ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಗ್ರೌಂಡ್ ಸರಿಯಿದೆ, ಕುಳಿಗೆ ತಾಮ್ರದ ಹಾಳೆ ಬೇಕಷ್ಟೆ. ಮುಟ್ಟಿದಾಗ ಜಾಸ್ತಿಯಾದರೆ ಜ್ಯಾಕಿನ ಔಟ್‌ಪುಟ್, ಗ್ರೌಂಡ್ ವೈರುಗಳು ಅದಲುಬದಲಾಗಿವೆ. ಎರಡೂ ಪಿಕಪ್ ಸೇರಿದಾಗ ಸ್ವರ ತೆಳ್ಳಗೆ ಮೂಗಿನಲ್ಲಿ ಹಾಡಿದಂತಾದರೆ ಒಂದು ಪಿಕಪ್ಪಿನ ಎರಡು ವೈರು ಅದಲುಬದಲು ಮಾಡಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿನ ಸಹಜ ಗುಂಯ್ ಸದ್ದನ್ನು ಯಾವ ಪ್ರೀಆಂಪೂ ಹೋಗಲಾಡಿಸುವುದಿಲ್ಲ.

ಇದು 9 ಅಥವಾ 18 ವೋಲ್ಟಿನಲ್ಲಿ ನಡೆಯುತ್ತದೆ. ಎರಡು ಬ್ಯಾಟರಿಯನ್ನು ಸರಣಿಯಲ್ಲಿ ಜೋಡಿಸಿದರೆ ಸದ್ದು ಹೆಚ್ಚುವುದಿಲ್ಲ. ಆದರೆ ಬೇಸ್ ಏರಿಸಿ ಸ್ಲ್ಯಾಪ್ ಮಾಡಿದಾಗ (ಹೆಬ್ಬೆರಳಿನಿಂದ ತಂತಿಗೆ ಹೊಡೆದಾಗ) ಸ್ವರದ ತುದಿ ಒಡೆಯುವುದು ತಪ್ಪುತ್ತದೆ. ಬೆರಳಿನಲ್ಲೇ ನುಡಿಸುವವರಿಗೆ 9 ಸಾಕು. ಆಲ್ಕಲೈನ್ ಬ್ಯಾಟರಿಯನ್ನೇ ಹಾಕಿ, ಅಗ್ಗದ ಕಾರ್ಬನ್-ಝಿಂಕ್ ಬೇಗ ಇಳಿಯುತ್ತದೆ, ಸೋರಿದರೆ ಕ್ಲಿಪ್ಪನ್ನೂ ತಿನ್ನುತ್ತದೆ. ಬ್ಯಾಟರಿ ಸೋಲುವ ಮುನ್ನ ಜೋರಾಗಿ ಮೀಟಿದ ಸ್ವರ ಮೊದಲು ಕರಕರ ಎನ್ನುತ್ತದೆ. ಮೀಟರಿನಲ್ಲಿ 7.5 ವೋಲ್ಟ್ ಕಂಡರೆ ಕಾಯದೆ ಬದಲಿಸಿ.

ವೇದಿಕೆಯಲ್ಲಿ ನುಡಿಸುವವರಿಗೆ ಪ್ಯಾಸಿವ್ ಬೈಪಾಸಿಗಾಗಿ (ಪ್ರೀಆಂಪ್ ದಾಟಿಸಿ ಸದ್ದು ಕಳಿಸಲು) ವಾಲ್ಯೂಮ್ ನಾಬೂ ಎಳೆಯುವ ಮಾದರಿಯದಾಗಿರಲಿ. ಅದಿಲ್ಲದೆ ಬ್ಯಾಟರಿ ಸತ್ತರೆ ಬೇಸ್ ಪೂರ್ತಿ ಮೂಕವಾಗುತ್ತದೆ. ಅದಿದ್ದರೆ ಈಕ್ಯೂ (ಬೇಸ್, ಮಿಡ್, ಟ್ರೆಬಲ್ ಹೊಂದಾಣಿಕೆ) ಹೋದರೂ ಹಾಡು ನಿಲ್ಲುವುದಿಲ್ಲ.